ಆನ್‌ಲೈನ್ ಕ್ಲಾಸಿನ ಗುಂಪು ಚರ್ಚೆ: ಜೂಮ್, ಮೀಟ್, ಜಿಟ್ಸಿ ಎಲ್ಲ ನೋಡಿ ವಾಟ್ಸಾಪ್ ಕಾಲ್‌ಗೆ ಬಂದು ನಿಂತೆ

ಮೊದಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ ಮಾತಾಡಿಸೋದಕ್ಕೆ ನನಗೆ ವಾಟ್ಸಾಪ್ ಗ್ರೂಪ್ ಕಾಲ್‌ನಷ್ಟು ಬೇರೆ ಯಾವುದೂ ಒದಗಿಬಂದಿಲ್ಲ. ಪಾಠ ಗೂಗಲ್ ಮೀಟ್‌ನಲ್ಲಿ, ಚರ್ಚೆ ವಾಟ್ಸಾಪ್‌ನಲ್ಲಿ. ಕಳೆದ ವರ್ಷ ದುಡ್ಡು ಕೊಟ್ಟು ಒಂದು ಆಪ್‌ನ ವರ್ಷದ ಪ್ಲಾನ್ ತೆಗೆದುಕೊಂಡಿದ್ದೆ. ಈ ವರ್ಷ ಅದನ್ನು ಮುಂದುವರಿಸಲಿಲ್ಲ. ಆ ದುಡ್ಡಿನಲ್ಲಿ ಇಯರ್‌ಫೋನ್ ಇಲ್ಲದ ಮಕ್ಕಳಿಗೆ ವೈರ್ ಇರುವ ಇಯರ್‌ಫೋನ್ ಕೊಡಿಸಿದೆ. ಕ್ಲಾಸಿಗೆ ಅಂತ ನಾನು ಮಾಡಿದ ಖರ್ಚಿನಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ನಾನಿರುವುದು ಶಿರಸಿಯಲ್ಲಿ. ಸೆಕೆಂಡ್ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಬ್ಯಾಚ್‌ನಲ್ಲಿ 20 ಮಕ್ಕಳು. ಅರ್ಧದಷ್ಟು ಕಾರವಾರ, ಅಂಕೋಲಾ, ಕುಮಟಾ ಕಡೆಯವರು, ಉಳಿದವರು ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯವರು. ಘಟ್ಟದ ಕೆಳಗಿನ ಮಕ್ಕಳು ಒಂದು ಗಂಟೆಯ ಟ್ಯೂಷನ್‌ಗೆ ದೇವಿಮನೆ ಘಟ್ಟ ಹತ್ತಿ ಬರೋದು ಆಗದ ಮಾತು, ಮಳೆಗಾಲದಲ್ಲಂತೂ ಕೇಳಲೇಬೇಡಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ನಮ್ಮ ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಹಾಗಾಗಿ ನಮಗೆ ಆನ್‌ಲೈನ್ ಕ್ಲಾಸು ಲಾಕ್‌ಡೌನ್ ಜೊತೆಗೆ ಮುಗಿದುಹೋಗಲಿಲ್ಲ.

ಇಡೀ ಕ್ಲಾಸಿಗೆ ಪಾಠ ಮಾಡಲು ಯಾವ ಆಪ್ ಆದರೂ ನಡೆಯುತ್ತದೆ. ಕಷ್ಟ ಇರುವುದು ಗುಂಪು ಒಡೆಯುವುದರಲ್ಲಿ.

ಜೂಮ್‌ನಿಂದ ಶುರು ಮಾಡುತ್ತೇನೆ. ಬ್ರೇಕ್‌ಔಟ್ ರೂಮ್, ಅಂದರೆ ಒಂದೇ ಮೀಟಿಂಗ್ ಒಳಗೆ ಮಕ್ಕಳನ್ನು ಸಣ್ಣ ಗುಂಪು ಮಾಡಿ ಕೂರಿಸುವ ಬೇರೆ ಬೇರೆ ಕೋಣೆ, ಆ ವಿಷಯದಲ್ಲಿ ಸೌಕರ್ಯ ಜಾಸ್ತಿ ಇರುವುದು ಇದರಲ್ಲೇ. ಉಚಿತ ಖಾತೆಯಲ್ಲೂ ರೂಮ್ ಮಾಡಬಹುದು. ಆದರೆ ಮೊದಲು ವೆಬ್‌ಸೈಟ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್‌ನಲ್ಲಿ ಅದು ಆನ್ ಇದೆಯಾ ನೋಡಿಕೊಳ್ಳಿ. ಯಾರು ಯಾವ ರೂಮಿಗೆ ಅನ್ನುವುದನ್ನು ಆಪ್‌ಗೇ ಬಿಡಬಹುದು, ನಾವೇ ಹಂಚಬಹುದು, ಮಕ್ಕಳಿಗೂ ಆರಿಸಿಕೊಳ್ಳಲು ಬಿಡಬಹುದು. ಎಲ್ಲ ರೂಮಿಗೂ ಒಂದೇ ಸಲ ಸಂದೇಶ ಕಳಿಸಬಹುದು. ಮಕ್ಕಳಿಗೆ ಸಹಾಯ ಬೇಕಾದರೆ ಕರೆಯಲು ಬಟನ್ ಇದೆ. ರೂಮ್ ಮುಚ್ಚುವಾಗ 60 ಸೆಕೆಂಡಿನ ಕೌಂಟ್‌ಡೌನ್ ಬರುತ್ತದೆ, ಹಾಗಾಗಿ ಯಾರ ಮಾತೂ ಅರ್ಧಕ್ಕೆ ತುಂಡಾಗುವುದಿಲ್ಲ. 'ಇನ್ನು ಐದು ನಿಮಿಷ' ಅಂತ ಎಲ್ಲರಿಗೂ ಒಟ್ಟಿಗೆ ಹೇಳುವ ಸೌಲಭ್ಯ ಇದೆಯಲ್ಲ, ವಾಟ್ಸಾಪ್‌ಗೆ ಬಂದ ಮೇಲೆ ನನಗೆ ಜಾಸ್ತಿ ನೆನಪಾಗುವುದು ಅದೇ. ಉಚಿತದಲ್ಲಿ 40 ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತದೆ. ಪೀಠಿಕೆ, ಚರ್ಚೆ, ವಾಪಸ್ ಬಂದು ವರದಿ ಎಲ್ಲ ಅಷ್ಟರಲ್ಲೇ ಮುಗಿಸಬೇಕು. ಕಾರವಾರ ಪೇಟೆಯಲ್ಲಿ ಫೈಬರ್ ಇರುವ ಮನೆಗಳ ಮಕ್ಕಳಿಗೆ, ಲ್ಯಾಪ್‌ಟಾಪ್ ಮುಂದೆ ಕೂರುವವರಿಗೆ ಪಾಠ ಹೇಳುವವರಾದರೆ ಮುಂದೆ ಓದುವುದೇ ಬೇಡ, ಜೂಮ್ ಹಾಕಿಕೊಳ್ಳಿ.

ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಬ್ರೇಕ್‌ಔಟ್ ರೂಮ್ ಇಲ್ಲ. ಶಾಲೆಗಳಿಗೆ ಕೊಡುವ ಉಚಿತ ಎಜುಕೇಶನ್ ಫಂಡಮೆಂಟಲ್ಸ್‌ನಲ್ಲೂ ಇಲ್ಲ, ಮೇಲಿನ ಪ್ಲಾನ್ ಬೇಕು. ನಮ್ಮ ಸಾಮಾನ್ಯ ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷದ ಮಿತಿ. ಕೆಲವು ಮೇಷ್ಟ್ರುಗಳು ಗುಂಪಿಗೊಂದು ಲಿಂಕ್ ಮಾಡಿ, ಎಲ್ಲವನ್ನೂ ಬೇರೆ ಬೇರೆ ಟ್ಯಾಬ್‌ನಲ್ಲಿ ತೆರೆದಿಟ್ಟುಕೊಳ್ಳುತ್ತಾರೆ. ಉಪಾಯವೇನೋ ಚೆನ್ನಾಗಿದೆ. ಆದರೆ ನಾಲ್ಕು ಗುಂಪಿನ ಮಾತೂ ಒಂದೇ ಸ್ಪೀಕರ್‌ನಲ್ಲಿ ಬರುತ್ತದೆ. ಒಂದು ಟ್ಯಾಬ್ ಮಾತ್ರ ಮ್ಯೂಟ್ ಮಾಡೋಣ ಅಂದರೆ, ಕ್ರೋಮ್‌ನಲ್ಲಿ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ ಮಾಡುವ ಮ್ಯೂಟ್ ಆ ಸೈಟ್‌ನ ಎಲ್ಲ ಟ್ಯಾಬ್‌ಗೂ ತಗಲುತ್ತದೆ. ನಿಮ್ಮ ಮೈಕ್ ಯಾವ ಟ್ಯಾಬ್‌ನಲ್ಲಿ ಆನ್ ಇದೆ ಅನ್ನುವ ಲೆಕ್ಕ ಬೇರೆ. ಪಾಠಕ್ಕೆ ಮಾತ್ರ ಮೀಟ್ ನನಗೆ ಇಷ್ಟ, ಮಕ್ಕಳಿಗೂ ಅಭ್ಯಾಸ ಆಗಿದೆ.

ಜಿಟ್ಸಿ ಬಗ್ಗೆ ನಮ್ಮ ಕಡೆ ಗೊತ್ತಿರುವವರು ಕಡಿಮೆ. ಇದೂ ವಿಡಿಯೋ ಕಾಲ್ ಆಪ್, ಓಪನ್ ಸೋರ್ಸ್, ಅಂದರೆ ಇದರ ಕೋಡ್ ಎಲ್ಲರಿಗೂ ತೆರೆದಿದೆ. 2021ರಿಂದ ಇದರಲ್ಲೂ ಬ್ರೇಕ್‌ಔಟ್ ರೂಮ್ ಇದೆ, ಅದೂ ಉಚಿತವಾಗಿ. 2023ರಿಂದ ಅವರ ಸೈಟ್‌ನಲ್ಲಿ ಮೀಟಿಂಗ್ ಶುರು ಮಾಡುವವರು ಲಾಗಿನ್ ಆಗಬೇಕು, ಸೇರುವ ಮಕ್ಕಳಿಗೆ ಲಾಗಿನ್ ಬೇಡ. ಫೋನ್ ನಂಬರ್ ಕೊಡುವ ಮಾತೇ ಇಲ್ಲ. ನನ್ನ ಪಟ್ಟಿಯಲ್ಲಿ ಎರಡನೇ ಸ್ಥಾನ ಇದಕ್ಕೆ. ಕಾರಣ ಆಮೇಲೆ ಹೇಳುತ್ತೇನೆ.

ಈಗ ನನ್ನನ್ನು ಪೇಯ್ಡ್ ಪ್ಲಾನ್ ಬಿಡುವ ಹಾಗೆ ಮಾಡಿದ ವಿಷಯಕ್ಕೆ ಬರುತ್ತೇನೆ. ರೂಮ್ ಒಡೆಯುವ ಯಾವುದೇ ಆಪ್ ತೆಗೆದುಕೊಳ್ಳುವ ಮೊದಲು ಇದೊಂದನ್ನು ನೋಡಿ. ಮಗು ನೆಟ್‌ವರ್ಕ್ ಹೋಗಿ ಹೊರಬಿದ್ದರೆ, ವಾಪಸ್ ಬರುವಾಗ ಎಲ್ಲಿಗೆ ಬರುತ್ತದೆ?

ನಾನು ದುಡ್ಡು ಕೊಟ್ಟು ಬಳಸಿದ್ದರಲ್ಲಿ ಹೊರಬಿದ್ದ ಮಕ್ಕಳು ವಾಪಸ್ ಬರುತ್ತಿದ್ದದ್ದು ಮುಖ್ಯ ಕೋಣೆಗೆ. ಅಲ್ಲಿಂದ ಅವರನ್ನು ಅವರ ಗುಂಪಿಗೆ ನಾನೇ ಮತ್ತೆ ಕಳಿಸಬೇಕಿತ್ತು. ಆದರೆ ನಾನು ಮುಖ್ಯ ಕೋಣೆಯಲ್ಲಿ ಇರುವುದಿಲ್ಲ, ಅಲ್ವಾ? ಚರ್ಚೆ ನಡೆಯುವಾಗ ನಾನು ಯಾವುದೋ ಗುಂಪಿನ ಒಳಗೆ ಕೇಳುತ್ತಾ ಇರುತ್ತೇನೆ. ಜೋಯಿಡಾ ಕಡೆಯ ಒಬ್ಬ ಹುಡುಗಿ, ಮೊದಲೇ ಮಾತು ಕಡಿಮೆ, ಹಾಗೆ ಬಂದು ಖಾಲಿ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಚರ್ಚೆ ಮುಗಿದು ಎಲ್ಲರೂ ವಾಪಸ್ ಬಂದಾಗಲೇ ನನಗೆ ಗೊತ್ತಾದದ್ದು. 'ನನ್ನನ್ನು ಗುಂಪಿನಿಂದ ತೆಗೆದುಬಿಟ್ಟಿದ್ದೀರಿ ಅಂತ ಮಾಡಿದ್ದೆ ಮೇಡಂ' ಅಂದಳು. ಮುಂದಿನ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ಅವಳನ್ನು ಮತ್ತೆ ಮಾತಿಗೆ ತರಲು ತುಂಬಾ ಸಮಯ ಹಿಡಿಯಿತು.

ನಮ್ಮ ಕಡೆ ಇದು ಯಾವಾಗಲೋ ಒಮ್ಮೆ ಆಗುವ ವಿಷಯ ಅಲ್ಲ. ಕರೆಂಟ್ ಹೋದರೆ ಮನೆಯ ವೈಫೈ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ. ತೋಟದ ನಡುವಿನ ಮನೆಗಳಲ್ಲಿ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್. ಮಳೆ ಬಂತು ಅಂತ ಒಳಗೆ ಓಡಿದರೆ ಕಾಲ್ ಕಟ್. ಒಂದು ಚರ್ಚೆಯಲ್ಲಿ ಯಾರೂ ಹೊರಬೀಳದೆ ಇದ್ದರೆ ಅದೇ ವಿಶೇಷ. ಮುಖ್ಯ ಕೋಣೆಯಲ್ಲಿ ಬಾಗಿಲು ಕಾಯಲು ಇನ್ನೊಬ್ಬ ಟೀಚರ್ ಇದ್ದರೆ ಸಮಸ್ಯೆ ಇಲ್ಲ. ನನ್ನ ಹಾಗೆ ಒಬ್ಬರೇ ಕ್ಲಾಸು ನಡೆಸುವವರು ಎರಡು ಕಡೆ ಇರುವುದು ಹೇಗೆ?

ವಾಟ್ಸಾಪ್‌ನಲ್ಲಿ ಗುಂಪಿಗೊಂದು ಪುಟ್ಟ ಗ್ರೂಪ್ ಮಾಡಿದ್ದೇನೆ. ಐದು ಮಕ್ಕಳು, ಜೊತೆಗೆ ನಾನು. ಮೀಟ್‌ನಲ್ಲಿ ಪ್ರಶ್ನೆ ಕೊಟ್ಟ ಮೇಲೆ ಎಲ್ಲರೂ ಅಲ್ಲಿಂದ ಹೊರಗೆ ಬಂದು ತಮ್ಮ ಗ್ರೂಪಿನಲ್ಲಿ ವಾಯ್ಸ್ ಕಾಲ್ ಶುರು ಮಾಡುತ್ತಾರೆ. ಕಾಲ್ ಕಟ್ ಆದವರು ಗ್ರೂಪ್ ತೆರೆದರೆ ನಡೆಯುತ್ತಿರುವ ಕಾಲ್ ಅಲ್ಲೇ ಕಾಣುತ್ತದೆ, ಒತ್ತಿ ಒಳಗೆ ಹೋದರಾಯಿತು. ಹೋದದ್ದು ಅವರ ಗುಂಪಿಗೇ. ಬರದಿದ್ದರೆ ಉಳಿದ ನಾಲ್ವರಲ್ಲಿ ಯಾರಾದರೂ ರಿಂಗ್ ಮಾಡುತ್ತಾರೆ. ನನಗೆ ಇದು ತುಂಬಾ ಮುಖ್ಯ. ಹೊರಬಿದ್ದ ಮಗುವನ್ನು ಹುಡುಕಿ ಕರೆತರುವವರು ಜೊತೆಯ ಮಕ್ಕಳೇ. 'ಅವಳಿಗೆ ಕರೆಂಟ್ ಇಲ್ಲ ಮೇಡಂ, ಅವಳ ಪಾಯಿಂಟ್ ಮೆಸೇಜ್ ಮಾಡಿದಾಳೆ, ನಾನು ಹೇಳ್ತೇನೆ' ಅನ್ನುವ ಮಾತು ಯಾವ ಬ್ರೇಕ್‌ಔಟ್ ರೂಮ್‌ನಲ್ಲೂ ನಾನು ಕೇಳಿರಲಿಲ್ಲ.

ಇನ್ನೊಂದು ಲಾಭ ಇದೆ. ರೂಮ್‌ನಿಂದ ರೂಮಿಗೆ ಸುಲಭವಾಗಿ ಹೋಗುವ ಹಾಗಿದ್ದರೆ ಟೀಚರ್ ಸುತ್ತುತ್ತಲೇ ಇರುತ್ತಾರೆ. ನಾನು ಬಂದ ಕೂಡಲೇ ಮಕ್ಕಳು ಪುಸ್ತಕದ ಕನ್ನಡಕ್ಕೆ ತಿರುಗಿ, 'ಪೂರೈಕೆ ಎಂದರೆ' ಅಂತ ಒಪ್ಪಿಸಲು ಶುರು ಮಾಡುತ್ತಾರೆ. ವಾಟ್ಸಾಪ್‌ನಲ್ಲಿ ಒಂದು ಕಾಲ್ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದ್ದರಿಂದ ಒಂದು ಚರ್ಚೆಯಲ್ಲಿ ಪ್ರತಿ ಗುಂಪಿಗೂ ಒಮ್ಮೆ ಮಾತ್ರ ಹೋಗುತ್ತೇನೆ. ಉಳಿದ ಹೊತ್ತು ಅವರು ತಮ್ಮ ಮಾತಿನಲ್ಲೇ ಮಾತಾಡುತ್ತಾರೆ. ಕಾರವಾರದ ಇಬ್ಬರು ಕೊಂಕಣಿಗೆ ಜಾರುತ್ತಾರೆ, ಸಿದ್ದಾಪುರದವರು ಹವ್ಯಕ ಕನ್ನಡಕ್ಕೆ. ಆಮೇಲೆ ಬೇರೆಯವರಿಗೆ ಅರ್ಥ ಆಗಬೇಕು ಅಂತ ಮತ್ತೆ ಎಲ್ಲರ ಕನ್ನಡಕ್ಕೆ ಬರುತ್ತಾರೆ. ಬರಲಿ ಬಿಡಿ. ವಿಷಯ ತಲೆಗೆ ಹೋಗುವುದು ಆಗಲೇ.

ಪ್ರಶ್ನೆ ಹೇಗಿರಬೇಕು ಅನ್ನುವುದಕ್ಕೆ ಒಂದು ಉದಾಹರಣೆ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬಂಗಡೆ ದರ ಏನಾಗುತ್ತದೆ, ಯಾಕೆ? ಶಿರಸಿಯಲ್ಲಿ ಚಾಲಿ (ಸಿಪ್ಪೆ ಸಮೇತ ಒಣಗಿಸಿದ) ಅಡಿಕೆ ದರ ಬಿದ್ದರೆ ಬೆಳೆಗಾರ ಏನು ಮಾಡುತ್ತಾನೆ? ಎರಡಕ್ಕೂ ವ್ಯತ್ಯಾಸ ಏನು? ಈ ಪ್ರಶ್ನೆಗೆ ಘಟ್ಟದ ಮೇಲಿನವರೂ ಕೆಳಗಿನವರೂ ಒಂದೇ ಗುಂಪಿನಲ್ಲಿ ಇರಲೇಬೇಕು. ತೋಟದ ಮನೆಯ ಹುಡುಗ, ಚಾಲಿ ಒಣಗಿಸಿ ಇಟ್ಟುಕೊಂಡು ದರ ಬಂದಾಗ ಮಾರಬಹುದು ಅನ್ನುತ್ತಾನೆ. ಅಂಕೋಲಾದ ಹುಡುಗಿ, ಬಂಗಡೆ ಇವತ್ತು ಮಾರದಿದ್ದರೆ ನಾಳೆ ಯಾರೂ ಕೇಳುವುದಿಲ್ಲ, ಬೇಕಾದರೆ ಒಣಮೀನು ಮಾಡಬೇಕು ಅನ್ನುತ್ತಾಳೆ. ಮಳೆಗಾಲದಲ್ಲೂ ನಾಡದೋಣಿಯವರು ಹೋಗುತ್ತಾರೆ, ಹಾಗಾಗಿ ಪೂರೈಕೆ ಪೂರ್ತಿ ನಿಲ್ಲುವುದಿಲ್ಲ ಅನ್ನುವುದೂ ಅವಳಿಂದಲೇ ಬರುತ್ತದೆ. ಇಟ್ಟುಕೊಳ್ಳಲು ಆಗುವ ಸರಕು, ಆಗದ ಸರಕು, ಪೂರೈಕೆಯ ಸ್ಥಿತಿಸ್ಥಾಪಕತ್ವ, ಅಂದರೆ ದರ ಬದಲಾದರೆ ಪೂರೈಕೆ ಎಷ್ಟು ಬದಲಾಗುತ್ತದೆ ಅನ್ನುವುದು. ಬೋರ್ಡ್ ಮೇಲೆ ರೇಖೆ ಎಳೆದು ನಾನು ಹೇಳಬೇಕಾದದ್ದನ್ನು ಅವರೇ ಹೇಳಿ ಮುಗಿಸಿರುತ್ತಾರೆ.

ಗುಂಪು ಮಾಡುವಾಗ ಒಂದೇ ಊರಿನವರನ್ನು ಒಟ್ಟಿಗೆ ಹಾಕಬೇಡಿ. ಅಲ್ಲಿ ಟವರ್ ಹೋದರೆ ಇಡೀ ಗುಂಪು ಮಾಯ. ಒಬ್ಬರು ಮಾತು ಆಡಿಸುವವರು, ಒಬ್ಬರು ಬರೆಯುವವರು, ಒಬ್ಬರು ಸಮಯ ನೋಡುವವರು. ವಾರ ವಾರ ಬದಲಾಯಿಸಿ. ಬರೆದವರು ನೋಟ್‌ಬುಕ್ಕಿನ ಪುಟದ ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು. ಅದೇ ನನಗೆ ಹಾಜರಿ, ಅದೇ ವರದಿ.

ವಾಟ್ಸಾಪ್‌ನಲ್ಲಿ ತೊಂದರೆ ಇಲ್ಲವೇ? ಇದೆ. ಒಂದೇ ಫೋನಿನಲ್ಲಿ ಮೀಟ್ ಮತ್ತು ಕಾಲ್ ಎರಡಕ್ಕೂ ಮೈಕ್ ಸಿಗುವುದಿಲ್ಲ, ಆದ್ದರಿಂದ ಹೊರಗೆ ಹೋಗಿ ಬರುವುದರಲ್ಲಿ ಸಮಯ ಹೋಗುತ್ತದೆ. ನಾಲ್ಕೂ ಗ್ರೂಪಿನಲ್ಲಿ ನಾನು ಇರುವುದರಿಂದ ಎಲ್ಲ ಕಾಲ್‌ಗಳೂ ನನಗೂ ಬರುತ್ತವೆ. ಫೋನ್ ಸೈಲೆಂಟ್ ಮಾಡಿ, ಬೇಕಾದಾಗ ಗ್ರೂಪಿನಿಂದ ಸೇರುತ್ತೇನೆ. ಕಾಲ್ ಬದಲು ವಾಯ್ಸ್ ಚಾಟ್ ಶುರು ಮಾಡಿದರೆ ರಿಂಗ್ ಆಗುವುದಿಲ್ಲ. ಆದರೆ ಮಕ್ಕಳನ್ನು ಕರೆದು ಕೂರಿಸುವುದು ಆ ರಿಂಗೇ, ಅದಕ್ಕೆ ನಾನು ಕಾಲ್‌ನಲ್ಲೇ ಇದ್ದೇನೆ. ಜನರ ಮಿತಿ 32, ನಮಗೆ ಅದು ಬೇಕಾದಷ್ಟಾಯಿತು.

ನಿಜವಾಗಿ ಯೋಚಿಸಬೇಕಾದದ್ದು ಫೋನ್ ನಂಬರ್. ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಎಷ್ಟೋ ಮನೆಯಲ್ಲಿ ಅದು ಅಮ್ಮನ ಫೋನೋ ಅಪ್ಪನ ಫೋನೋ ಆಗಿರುತ್ತದೆ. ಹೆಣ್ಣುಮಕ್ಕಳ ಪಾಲಕರು ಹಿಂದೆಮುಂದೆ ನೋಡುವುದು ಸಹಜ, ಅವರ ಆತಂಕ ಸಣ್ಣದಲ್ಲ. ನಾನು ಪ್ರತಿ ಮನೆಗೂ ಫೋನ್ ಮಾಡಿ ಕೇಳಿಯೇ ಗ್ರೂಪ್ ಮಾಡಿದ್ದು. ಹೆಣ್ಣುಮಕ್ಕಳಷ್ಟೇ ಇರುವ ಗುಂಪು ಬೇಕು ಅಂದವರಿಗೆ ಹಾಗೇ ಮಾಡಿದೆ. ಕ್ಲಾಸು ಮುಗಿದ ಮೇಲೆ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಬದಲಾಯಿಸುತ್ತೇನೆ. ಪಾಲಕರು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ಅಂಥ ಬ್ಯಾಚ್‌ಗೆ ಜಿಟ್ಸಿ ಹಾಕಿಕೊಳ್ಳಿ. ನಾನು ಅದಕ್ಕೆ ಎರಡನೇ ಸ್ಥಾನ ಕೊಟ್ಟದ್ದು ಇದೇ ಕಾರಣಕ್ಕೆ.

ಡೇಟಾ ವಿಷಯ ಒಂದು ಸಾಲು: ಬರೀ ಧ್ವನಿಯ ಕಾಲ್ ಆದ್ದರಿಂದ ವಿಡಿಯೋಗಿಂತ ಎಷ್ಟೋ ಕಡಿಮೆ ಸಾಕು, ಸಿಗ್ನಲ್ ಒಂದೇ ಕಡ್ಡಿ ಇದ್ದಾಗಲೂ ಮಾತು ಹೇಗೋ ದಾಟುತ್ತದೆ.

ಕಾಲೇಜಿನಿಂದ ದುಡ್ಡು ಬರುತ್ತದೆ, ಮಕ್ಕಳ ಮನೆಯಲ್ಲಿ ಒಳ್ಳೆಯ ನೆಟ್ ಇದೆ, ಜೊತೆಗೆ ಇನ್ನೊಬ್ಬ ಟೀಚರ್ ಇದ್ದಾರೆ ಅಂತಾದರೆ ಜೂಮ್‌ಗೆ ದುಡ್ಡು ಹಾಕಿ. ನನ್ನ ಹಾಗೆ ಟ್ಯೂಷನ್ ಫೀಸಿನಲ್ಲೇ ಎಲ್ಲ ನಡೆಯಬೇಕು, ಮಕ್ಕಳು ತೋಟದ ಮೂಲೆಯಲ್ಲೋ ಗುಡ್ಡದ ಮೇಲೋ ನಿಂತು ಮಾತಾಡಬೇಕು ಅಂದರೆ ವಾಟ್ಸಾಪ್ ಮತ್ತು ಒಂದೊಂದು ಇಯರ್‌ಫೋನ್ ಸಾಕು. ಮನೆ ತುಂಬಾ ಜನ, ಟಿವಿ, ಮಿಕ್ಸಿ ಇರುವ ಕಡೆ ಇಯರ್‌ಫೋನ್ ಇಲ್ಲದ ಮಗು ಮ್ಯೂಟ್ ತೆಗೆಯಲು ನಾಚುತ್ತದೆ. ಮೈಕ್ ಇರುವುದನ್ನೇ ತೆಗೆದುಕೊಳ್ಳಿ. ಈಗಿನ ಕೆಲವು ಫೋನ್‌ಗಳಿಗೆ ಗುಂಡು ಪಿನ್ ಹೋಗುವುದಿಲ್ಲ, ಟೈಪ್ ಸಿ ಬೇಕು. ಅಂಗಡಿಗೆ ಹೋಗುವ ಮೊದಲು ಯಾವ ಮಗುವಿನ ಫೋನ್ ಯಾವುದು ಅಂತ ಕೇಳಿ ಬರೆದುಕೊಂಡು ಹೋಗಿ.