ನಲ್ಲಿಯ ಹಿಂದಿನ ಸಂದಿಗೆ ಸಿಲಿಕಾನ್: ಗನ್ನೋ, ಸಿರಿಂಜೋ, ಮೆಹೆಂದಿ ಕೋನೋ?

ವಾಶ್ ಬೇಸಿನ್ನಿನ ಮುಂದಿನ ಅಂಚಿಗೆ ಸಿಲಿಕಾನ್, ಅಂದರೆ ಸಂದು ಮುಚ್ಚುವ ರಬ್ಬರಿನಂಥ ಅಂಟು, ಹಾಕುವುದು ದೊಡ್ಡ ವಿದ್ಯೆಯಲ್ಲ. ಟ್ಯೂಬಿನಿಂದ ಅದನ್ನು ತಳ್ಳುವ ಗನ್ ಹಿಡಿದು ಒಂದೇ ಸಮನೆ ಎಳೆದರೆ ಆಯಿತು. ಆದರೆ ನೀರು ಇಳಿಯುವುದು ಅಲ್ಲಿಂದಲ್ಲ. ನಲ್ಲಿಯ ಬುಡಕ್ಕೂ ಗೋಡೆಯ ಟೈಲ್ಸಿಗೂ ನಡುವೆ ಉಳಿದ ಎರಡು ಬೆರಳಿನ ಜಾಗ, ಮೂಲೆ ಬೇಸಿನ್ನು ಎರಡು ಗೋಡೆ ಸೇರುವಲ್ಲಿ ಹೋಗಿ ಕೂರುವ ತುದಿ, ಗೋಡೆಗೆ ತೂಗುಹಾಕಿದ ಬೇಸಿನ್ನಿನ ಹಿಂಬದಿ, ಇಂಥ ಕಡೆಯೇ ಸಂದು ಬಾಯಿ ಬಿಟ್ಟಿರುತ್ತದೆ. ಕೂರಿಸಿದ ದಿನ ಪ್ಲಂಬರ್ ಕೈಯೂ ಅಲ್ಲಿಗೆ ಹೋಗಿರುವುದಿಲ್ಲ. ನೀರು ಅಲ್ಲಿಂದ ಜಿನುಗಿ ಕೆಳಗಿನ ಪ್ಲೈವುಡ್ ಕಪಾಟು ಉಬ್ಬುತ್ತದೆ, ಜಿರಳೆಗೆ ಮನೆಯಾಗುತ್ತದೆ, ಗೋಡೆಯಂಚಿಗೆ ಕಪ್ಪು ಬೂಷ್ಟು ಹಿಡಿಯುತ್ತದೆ.

ಈ ಸಂದುಗಳಿಗೆ ಸಿಲಿಕಾನ್ ತಲುಪಿಸುವ ಬೇರೆ ಬೇರೆ ದಾರಿಗಳನ್ನು ಮೂರು ಬಾತ್‌ರೂಮಿನಲ್ಲಿ ಮಾಡಿ ನೋಡಿದೆ. ನಮ್ಮದು ಮೂವತ್ತು–ನಲವತ್ತರ ಸೈಟಿನ ಮನೆ, ಬೇಸಿನ್ ಕೂತಿರುವುದು ಗ್ರಾನೈಟ್ ಸ್ಲ್ಯಾಬಿನ ಮೇಲೆ, ನಲ್ಲಿ ಗೋಡೆಗೆ ಅಂಟಿಕೊಂಡಂತೆ ಇದೆ. ಜಯನಗರದಲ್ಲಿರುವ ಚಿಕ್ಕಮ್ಮನ ಹಳೆಯ ಮನೆಯಲ್ಲಿ ಬೇಸಿನ್ ಸುತ್ತ ಬಿಳಿ ಮಾರ್ಬಲ್. ಬೇಗೂರು ಕಡೆಯ ತಮ್ಮನ ಫ್ಲಾಟಿನಲ್ಲಿ ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಿದ ಬೇಸಿನ್. ಹೋಲಿಕೆ ನ್ಯಾಯವಾಗಿರಲಿ ಎಂದು ಮೂರೂ ಕಡೆ ಒಂದೇ ಬಗೆಯ ಸಿಲಿಕಾನ್ ಬಳಸಿದೆ: ಬೂಷ್ಟು ತಡೆಯುವ ಔಷಧಿ ಬೆರೆಸಿದ, ನ್ಯೂಟ್ರಲ್ (ಗಟ್ಟಿಯಾಗುವಾಗ ಆಮ್ಲ ಬಿಡದ) ಬಗೆಯ ಬಿಳಿ ಸಿಲಿಕಾನ್.

ಯಾಕೆ ನ್ಯೂಟ್ರಲ್ಲೇ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ 'ಸಿಲಿಕಾನ್ ಕೊಡಿ' ಎಂದರೆ ಹೆಚ್ಚಿನ ಸಲ ಕೈಗೆ ಬರುವುದು ಅಸಿಟಾಕ್ಸಿ ಬಗೆಯದು. ಹಾಕಿದ ಕೂಡಲೇ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದಲ್ಲ, ಅದೇ. ಗಟ್ಟಿಯಾಗುವಾಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ. ಗಾಜಿಗೆ, ಬೇಸಿನ್ನಿನ ಪಿಂಗಾಣಿಗೆ ಅದು ಚೆನ್ನಾಗಿಯೇ ಹಿಡಿಯುತ್ತದೆ, ಬೆಲೆಯೂ ಕಡಿಮೆ. ಆದರೆ ಮಾರ್ಬಲ್ ಎಂದರೆ ಸುಣ್ಣದ ಅಂಶದ ಕಲ್ಲು, ಆಮ್ಲ ಅದನ್ನು ತಿನ್ನುತ್ತದೆ. ಹಿತ್ತಾಳೆಗೂ, ಕನ್ನಡಿಯ ಹಿಂದಿನ ಲೇಪಕ್ಕೂ ಅದು ಆಗಿಬರುವುದಿಲ್ಲ. ಚಿಕ್ಕಮ್ಮನ ಮನೆಗೆಂದು ಎಸ್.ಪಿ. ರಸ್ತೆ ಕಡೆ ಹುಡುಕುತ್ತಿದ್ದಾಗ ಅಂಗಡಿಯವರೇ ಕೇಳಿದರು: "ಮಾರ್ಬಲ್ಲಾ? ಹಂಗಾದ್ರೆ ಇದು ಬೇಡ ಮೇಡಂ, ನ್ಯೂಟ್ರಲ್ ತಗೊಳ್ಳಿ." ಬಿಳಿ ಕಲ್ಲಿಗಾದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಲ್ಲಿಗೆ ಕಲೆ ಮಾಡದ್ದು ಎಂದು ಟ್ಯೂಬಿನ ಮೇಲೆ ಬರೆದಿದೆಯೇ ನೋಡಿಕೊಳ್ಳಬೇಕು. ಕೆಲವು ಸಿಲಿಕಾನ್‌ನಿಂದ ಎಣ್ಣೆಯಂಥ ಅಂಶ ಕಲ್ಲಿನೊಳಗೆ ಇಳಿದು ಅಂಚಿನುದ್ದಕ್ಕೂ ಮಸುಕು ಗೆರೆ ಬಿಡುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ವೈಟ್ ಸಿಮೆಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. "ಪ್ಲಂಬರನ್ನ ಕರೆದ್ರೆ ವೈಟ್ ಸಿಮೆಂಟ್ ಮೆತ್ತಿ ಹೋಗ್ತಾನೆ ಕಣೇ, ಆರು ತಿಂಗಳಿಗೆ ಬಿರುಕು" ಎಂದು ಚಿಕ್ಕಮ್ಮ ಹೇಳಿದ್ದು ಸರಿಯಾಗಿಯೇ ಇದೆ. ಬೇಸಿನ್ನೂ ಕಲ್ಲೂ ಬಿಸಿನೀರಿಗೆ, ಕೈ ಊರಿದ ಭಾರಕ್ಕೆ ಕೂದಲೆಳೆಯಷ್ಟು ಅಲುಗುತ್ತವೆ. ಸಿಮೆಂಟಿಗೆ ಆ ಬಾಗುವ ಗುಣವಿಲ್ಲ. ಎಂ-ಸೀಲ್ ಕೂಡ ಕಲ್ಲಿನಂತೆ ಗಟ್ಟಿಯಾಗುವುದರಿಂದ ಅದು ಪೈಪಿನ ಸೋರಿಕೆಗೆ ಸರಿ, ಇಲ್ಲಿಗಲ್ಲ.

ಈಗ ದಾರಿಗಳಿಗೆ ಬರೋಣ.

ಗನ್ನು ಎಲ್ಲರಿಗೂ ಗೊತ್ತಿರುವುದು. 280 ಎಂ.ಎಲ್. ಟ್ಯೂಬು ಕೂರಿಸಿ ಮುಂದೆ ನಾಜಲ್ ತಿರುಗಿಸಿದ ಮೇಲೆ ಇಡೀ ಸರಂಜಾಮು ಒಂದು ಅಡಿಗಿಂತ ಉದ್ದವಾಗುತ್ತದೆ. ತೆರೆದ ಅಂಚಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಗೆರೆ ಕಡಿಯದೆ ಬರುತ್ತದೆ. ನಲ್ಲಿಯ ಹಿಂದೆ ಮಾತ್ರ ಗನ್ನಿನ ಹಿಡಿ ಕನ್ನಡಿಗೆ ತಾಗುತ್ತದೆ, ಇಲ್ಲವೇ ಟ್ಯೂಬಿನ ಹೊಟ್ಟೆ ನಲ್ಲಿಗೆ ತಾಗುತ್ತದೆ. ನಾಜಲ್ ಸಂದಿಗೆ ಓರೆಯಾಗಿ ಕೂರಬೇಕಾದದ್ದು ನೆಟ್ಟಗೆ ನಿಲ್ಲುತ್ತದೆ. ಆಗ ಸಿಲಿಕಾನ್ ಸಂದಿನೊಳಗೆ ಹೋಗುವ ಬದಲು ಮೇಲೆ ಮಾತ್ರ ಕೂರುತ್ತದೆ, ಕೆಳಗೆ ಟೊಳ್ಳು ಉಳಿಯುತ್ತದೆ. ಇನ್ನೊಂದು ಕಷ್ಟ, ಟ್ರಿಗರ್ ಬಿಟ್ಟ ಮೇಲೂ ಒಳಗಿನ ಒತ್ತಡಕ್ಕೆ ಸಿಲಿಕಾನ್ ಬರುತ್ತಲೇ ಇರುತ್ತದೆ. ಹಿಂದಿರುವ ತಗಡಿನ ಪಟ್ಟಿಯನ್ನು ಹೆಬ್ಬೆರಳಲ್ಲಿ ಒತ್ತಿ ಕಡ್ಡಿಯನ್ನು ಹಿಂದೆಳೆಯಬೇಕು. ಇಕ್ಕಟ್ಟಿನಲ್ಲಿ ಆ ಹೆಬ್ಬೆರಳಿಗೇ ಜಾಗವಿರುವುದಿಲ್ಲ.

ಗನ್ನನ್ನೇ ಇಟ್ಟುಕೊಂಡು ನಾಜಲ್ ಬಗ್ಗಿಸಿಕೊಳ್ಳುವುದು ಎರಡನೆಯ ದಾರಿ. ಒಳಗೊಂದು ತಂತಿ ತೂರಿಸಿ ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಬೇಕಾದಷ್ಟು ಬಾಗಿಸಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿದರೆ ಆ ಬಾಗು ನಿಲ್ಲುತ್ತದೆ. ತಂತಿ ಇಲ್ಲದೆ ಬಗ್ಗಿಸಿದರೆ ಮಡಿಕೆ ಬಿದ್ದು ದಾರಿ ಮುಚ್ಚಿಹೋಗುತ್ತದೆ. ಮೂಲೆ ಬೇಸಿನ್ನಿಗೆ ಇದು ನಿಜಕ್ಕೂ ಒಳ್ಳೆಯದು, ಏಕೆಂದರೆ ಅಲ್ಲಿ ಮೇಲಿನಿಂದ ಜಾಗವಿದ್ದು ಕೊನೆಯ ತಿರುವಿಗೆ ಮಾತ್ರ ಕೊಂಕು ಬೇಕು. ನಾಜಲ್ಲಿಗೆ ಸ್ಟ್ರಾ ಸಿಕ್ಕಿಸಿ ಉದ್ದ ಮಾಡುವುದು ಹಳೆಯ ಉಪಾಯ. 2022ರ ಜುಲೈಯಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿ ಕಾಗದದ ಸ್ಟ್ರಾ ಬಂದಿದೆ, ಸಿಲಿಕಾನ್ ತಳ್ಳುವ ಒತ್ತಡಕ್ಕೆ ಅದು ತಡೆಯುವುದಿಲ್ಲ. ಅದರ ಬದಲು ಮೀನಿನ ತೊಟ್ಟಿಗೆ ಗಾಳಿ ಕೊಡುವ ಪಾರದರ್ಶಕ ಟ್ಯೂಬು ಒಂದು ಗೇಣು ಕತ್ತರಿಸಿ, ಬುಡಕ್ಕೆ ಟೇಪು ಬಿಗಿದೆ. ತಮ್ಮನ ಮನೆಯ ಬೇಸಿನ್ ಹಿಂಬದಿಗೆ ತಲುಪಿದ್ದು ಇದೊಂದೇ. ಸಿಲಿಕಾನ್ ಬರುವುದು ನಿಧಾನ, ಟ್ರಿಗರ್ ಬಲವಾಗಿ ಎಳೆಯಬೇಕು. ಇನ್ನೊಬ್ಬರು ಕೆಳಗಿನಿಂದ ಟಾರ್ಚ್ ಹಿಡಿದು ಟ್ಯೂಬಿನ ತುದಿ ಎಲ್ಲಿದೆಯೆಂದು ಹೇಳುತ್ತಿದ್ದರೆ ಒಳ್ಳೆಯದು.

ಗನ್ ಬೇಡದ, ಪೇಸ್ಟಿನ ಹಾಗೆ ಹಿಸುಕುವ ಸಣ್ಣ ಟ್ಯೂಬು ಒಂದೇ ಸಲದ ಕೆಲಸಕ್ಕೆ ಸಾಕು. ಆದರೆ ಹಿಸುಕುವ ಮುಷ್ಟಿಗೂ ನಲ್ಲಿಯ ಹಿಂದೆ ಜಾಗ ಬೇಕಲ್ಲ.

ಸಿರಿಂಜಿನ ಮೇಲೆ ನನಗೆ ಬಹಳ ಭರವಸೆಯಿತ್ತು, ಅರ್ಧದಷ್ಟು ನಿಜವೂ ಆಯಿತು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ 10 ಎಂ.ಎಲ್.ನದು ಸರಿ, ಸೂಜಿ ಬೇಡ. ಐದು ಮಿಲಿಮೀಟರ್ ಅಗಲದ ಮೂಲೆ ಗೆರೆಗೆ ಒಂದು ಅಡಿಗೆ ಸುಮಾರು 4 ಎಂ.ಎಲ್. ಸಿಲಿಕಾನ್ ಸಾಕು, ಅಂದರೆ ಒಂದು ಸಿರಿಂಜ್ ತುಂಬಿದರೆ ಎರಡು ಅಡಿಗೂ ಹೆಚ್ಚು ಬರುತ್ತದೆ. 50 ಎಂ.ಎಲ್.ನದು ತೆಗೆದುಕೊಳ್ಳಬೇಡಿ. ಅದರ ಪಿಸ್ಟನ್ ದಪ್ಪವಾದ್ದರಿಂದ ಅಷ್ಟೇ ಒತ್ತಡ ಹುಟ್ಟಿಸಲು ಕೈ ಹಲವು ಪಟ್ಟು ಬಲ ಹಾಕಬೇಕಾಗುತ್ತದೆ. ತುಂಬುವ ಕ್ರಮ ಮುಖ್ಯ. ಪಿಸ್ಟನ್ ಪೂರ್ತಿ ಹೊರಗೆ ತೆಗೆದು, ಹಿಂದಿನಿಂದ ನಾಜಲ್ಲನ್ನು ತುದಿಯವರೆಗೆ ಇಳಿಸಿ, ಸಿಲಿಕಾನ್ ತುಂಬುತ್ತಾ ಮೇಲೆ ಬರಬೇಕು. ಆಮೇಲೆ ಪಿಸ್ಟನ್ ತೂರಿಸುವಾಗ ಸಿರಿಂಜಿನ ಒಳಗೋಡೆಯ ಪಕ್ಕಕ್ಕೆ ಸಣ್ಣ ತಂತಿಯೊಂದನ್ನು ಇಟ್ಟು, ರಬ್ಬರು ಸಿಲಿಕಾನ್‌ಗೆ ತಾಗುವಷ್ಟರಲ್ಲಿ ತಂತಿ ಎಳೆದುಬಿಟ್ಟರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಗಾಳಿ ಉಳಿದರೆ ನಡುನಡುವೆ ಪುಸ್ಸೆಂದು ಉಕ್ಕಿ ಗೆರೆ ಕೆಡುತ್ತದೆ. ಇಷ್ಟು ಮಾಡಿದರೆ ಗೆರೆ ಎಷ್ಟು ಅಚ್ಚುಕಟ್ಟು ಎಂದರೆ, ನಲ್ಲಿಯ ಬುಡದ ಸುತ್ತ ತೀಡುವ ಕೆಲಸವೇ ಹೆಚ್ಚು ಇರುವುದಿಲ್ಲ. ಕೊರತೆ ಏನೆಂದರೆ ಪಿಸ್ಟನ್ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಗೋಡೆ ಎರಡು ಬೆರಳು ದೂರದಲ್ಲಿದ್ದರೆ ತುಂಬಿದ ಸಿರಿಂಜನ್ನು ಪಕ್ಕದಿಂದ ಮಾತ್ರ ಹಿಡಿಯಬಹುದು, ನಲ್ಲಿಯ ನೇರ ಹಿಂಭಾಗ ಉಳಿದುಹೋಗುತ್ತದೆ. ಸಣ್ಣ ಬಾಯಿಯಿಂದ ದಪ್ಪ ಸಿಲಿಕಾನ್ ನೂಕಿ ನೂಕಿ ಹೆಬ್ಬೆರಳೂ ಸೋಲುತ್ತದೆ.

ಆ ನೇರ ಹಿಂಭಾಗಕ್ಕೆ ಗೆದ್ದದ್ದು ಕೋನ್. ನಾನು ಸಿರಿಂಜ್ ಒತ್ತುವುದನ್ನು ನೋಡುತ್ತಿದ್ದ ಅತ್ತಿಗೆ, "ಅದ್ಯಾಕೆ ಅಷ್ಟು ಒದ್ದಾಡ್ತೀಯ, ಇರು, ಕೋನ್ ಕಟ್ಟಿಕೊಡ್ತೀನಿ" ಎಂದರು. ಮದುವೆ ಮನೆಗಳಲ್ಲಿ ಮೆಹೆಂದಿ ಹಾಕಿ ಅಭ್ಯಾಸವಿರುವ ಕೈ ಅವರದು. ಹೊಸ ಸೀರೆಯ ಜೊತೆ ಬರುವ ದಪ್ಪ ಪ್ಲಾಸ್ಟಿಕ್ ಕವರನ್ನು ಚೌಕಾಕಾರ ಕತ್ತರಿಸಿ, ಮೂಲೆಯಿಂದ ಸುತ್ತಿ, ತುದಿ ಸೂಜಿಯಷ್ಟು ಚೂಪಾಗುವ ತನಕ ಒಳಗಿನ ಪದರವನ್ನು ಬೆರಳಲ್ಲಿ ಎಳೆದು ಬಿಗಿ ಮಾಡಿದರು. ಹೊರಗಿನ ಅಂಚಿಗೆ ಉದ್ದಕ್ಕೂ ಟೇಪು. ಸಿಲಿಕಾನ್ ಮೆಹೆಂದಿಗಿಂತ ಬಹಳ ಗಟ್ಟಿ, ಆದ್ದರಿಂದ ಟೇಪು ಎರಡು ಸುತ್ತು ಬೇಕು. ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಮೇಲಿನ ಬಾಯಿಯನ್ನು ತಿರುಚಿ ರಬ್ಬರ್ ಬ್ಯಾಂಡ್ ಹಾಕಬೇಕು. ಇಲ್ಲದಿದ್ದರೆ ಒತ್ತಿದಾಗ ಹಿಂದಿನಿಂದ ಬರುತ್ತದೆ. ತುದಿಯನ್ನು ಮೂರು ಮಿಲಿಮೀಟರ್ ಬಾಯಿ ಬರುವಂತೆ ಓರೆಯಾಗಿ ಕತ್ತರಿಸಿದರೆ ಸಾಕು.

ಕೋನಿಗೆ ಬೆನ್ನುಮೂಳೆಯಿಲ್ಲ, ಅದೇ ಅದರ ಗುಣ. ನಲ್ಲಿಯ ಹಿಂದೆ ಅದು ಮಲಗುತ್ತದೆ, ಬಳುಕುತ್ತದೆ. ಎರಡೇ ಬೆರಳಲ್ಲಿ ಹಿಡಿದು ಒತ್ತಬಹುದು, ಒತ್ತುವುದು ನಿಲ್ಲಿಸಿದರೆ ಸಿಲಿಕಾನ್ ಬರುವುದೂ ಕೂಡಲೇ ನಿಲ್ಲುತ್ತದೆ. ನಮ್ಮ ಮನೆಯ ನಲ್ಲಿಯ ಹಿಂದೆ ಎಡಗೈಯಿಂದ ಅರ್ಧ, ಬಲಗೈಯಿಂದ ಅರ್ಧ ಹಾಕಿದೆ, ಎರಡು ಗೆರೆ ನಡುವೆ ಸೇರಿದ್ದು ಗೊತ್ತಾಗದಂತೆ ಕೂತಿತು. ಉದ್ದನೆಯ ಅಂಚಿಗೆ ಮಾತ್ರ ಕೋನ್ ಬೇಡ, ಕೈ ನಡುಗಿದಂತೆಲ್ಲ ಗೆರೆ ದಪ್ಪ–ತೆಳು ಆಗುತ್ತದೆ.

ತೀಡುವ ವಿಷಯದಲ್ಲೂ ಇಕ್ಕಟ್ಟಿನ ನಿಯಮ ಬೇರೆ. ತೆರೆದ ಜಾಗದಲ್ಲಿ ಎರಡೂ ಬದಿ ಮಾಸ್ಕಿಂಗ್ ಟೇಪ್ ಹಚ್ಚಿ, ಸೋಪಿನ ನೀರಿನಲ್ಲಿ ಅದ್ದಿದ ಬೆರಳು ಓಡಿಸಿ, ಸಿಲಿಕಾನ್ ಮೇಲೆ ಪೊರೆ ಕಟ್ಟುವ ಮೊದಲೇ ಟೇಪು ಕಿತ್ತರೆ ಅಂಚು ಗೆರೆ ಎಳೆದಂತೆ ಬರುತ್ತದೆ. ನಲ್ಲಿಯ ಹಿಂದೆ ಟೇಪು ಅಂಟಿಸುವುದೇ ಹರಸಾಹಸ, ಕೀಳುವಾಗ ಅದೇ ಟೇಪು ಹೊಸ ಸಿಲಿಕಾನಿಗೆ ತಾಗಿ ಎಲ್ಲವನ್ನೂ ಬಳಿದುಬಿಡುತ್ತದೆ. ಅಲ್ಲಿ ಟೇಪು ಬಿಟ್ಟು, ಕಡಿಮೆ ಹಾಕಿ, ಮರದ ಐಸ್‌ಕ್ರೀಂ ಕಡ್ಡಿಯನ್ನು ಹಳೆಯ ಟೂತ್‌ಬ್ರಷ್ ಹಿಡಿಗೆ ಓರೆಯಾಗಿ ಕಟ್ಟಿಕೊಂಡು ಒಂದೇ ಸಲ ಎಳೆಯುವುದು ಮೇಲು. ಎರಡನೆಯ ಸಲ ಎಳೆಯುವ ಆಸೆ ತಡೆದುಕೊಳ್ಳಬೇಕು. ಸೋಪಿನ ನೀರೂ ಅಳತೆಯಲ್ಲಿರಲಿ, ಇನ್ನೂ ಸಿಲಿಕಾನ್ ಹಾಕದ ಕಡೆಗೆ ಅದು ಹರಿದರೆ ಅಲ್ಲಿ ಮುಂದೆ ಹಾಕಿದ್ದು ಹಿಡಿಯುವುದಿಲ್ಲ.

ಯಾವ ದಾರಿ ಹಿಡಿದರೂ ಮೊದಲ ಕೆಲಸ ಉಪ್ಪು ತೆಗೆಯುವುದು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಶುರುವಾದರೂ ನಮ್ಮ ಓಣಿಯಂಥ ಕಡೆ ಇನ್ನೂ ಬೋರ್ ನೀರು, ಟ್ಯಾಂಕರ್ ನೀರೇ ಗತಿ. ಆ ಗಡಸು ನೀರು ನಲ್ಲಿಯ ಬುಡಕ್ಕೆ ಬಿಳಿ ಪದರ ಕಟ್ಟಿಸುತ್ತದೆ. ಅದರ ಮೇಲೆ ಸಿಲಿಕಾನ್ ಹಾಕಿದರೆ ಅದು ಹಿಡಿಯುವುದು ಉಪ್ಪನ್ನು, ಬೇಸಿನ್ನನ್ನಲ್ಲ. ಉಪ್ಪು ಉದುರಿದ ದಿನ ಸಿಲಿಕಾನ್ ಪಟ್ಟಿಯಂತೆ ಎದ್ದುಬರುತ್ತದೆ. ಹಳೆಯ ಸಿಲಿಕಾನನ್ನೂ ಬ್ಲೇಡಿನಿಂದ ಪೂರ್ತಿ ಹೆರೆದು, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಉಪ್ಪಿಗೆ ನಿಂಬೆಹಣ್ಣು ಹಾಕುವವರು ಮಾರ್ಬಲ್ ಇದ್ದರೆ ಹಾಕಬೇಡಿ, ಅಲ್ಲಿಯೂ ಆಮ್ಲದ್ದೇ ತೊಂದರೆ. ಚಿಕ್ಕಮ್ಮನ ಮನೆಯಲ್ಲಿ ಬ್ಲೇಡೂ ತಾಳ್ಮೆಯೂ ಮಾತ್ರ.

ಸಂದು ಆರೇಳು ಮಿಲಿಮೀಟರಿಗಿಂತ ಅಗಲವಿದ್ದರೆ ಸಿಲಿಕಾನೊಂದರಲ್ಲೇ ತುಂಬಬಾರದು. ಒಳಗೆ ಫೋಮಿನ ದುಂಡನೆಯ ಹಗ್ಗ ತೂರಿಸಿ ಮೇಲೆ ಸಿಲಿಕಾನ್ ಹಾಕಬೇಕು. ಸಿಲಿಕಾನ್ ಎರಡು ಬದಿಯನ್ನು ಮಾತ್ರ ಹಿಡಿದರೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ, ತಳವನ್ನೂ ಹಿಡಿದರೆ ಹಿಗ್ಗಲಾಗದೆ ಹರಿಯುತ್ತದೆ. ಬೇಸಿನ್ ಒಳಗಿನ, ಹೆಚ್ಚಾದ ನೀರು ಹೋಗುವ ತೂತನ್ನು ಯಾವ ಕಾರಣಕ್ಕೂ ಮುಚ್ಚಬಾರದು.

ಇನ್ನು ಒಣಗುವ ಮಾತು. ಸಿಲಿಕಾನ್ ಗಟ್ಟಿಯಾಗುವುದು ಗಾಳಿಯಲ್ಲಿನ ತೇವದಿಂದ. ಹಚ್ಚುವ ಮೈ ಒಣಗಿರಬೇಕು, ಸುತ್ತಲಿನ ಗಾಳಿಯಲ್ಲಿ ತೇವವಿರಬೇಕು. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಬೇಗ ಪೊರೆ ಕಟ್ಟುತ್ತದೆ, ತೀಡಲು ಹೊತ್ತು ಕಡಿಮೆ. ಮಾರ್ಚಿನ ಒಣ ಹವೆಯಲ್ಲಿ ಸ್ವಲ್ಪ ಪುರುಸೊತ್ತು ಸಿಗುತ್ತದೆ, ಕೋನ್ ಕೆಲಸಕ್ಕೆ ಆ ಕಾಲವೇ ಹಿತ. ಒಳಗಿನ ತನಕ ಗಟ್ಟಿಯಾಗುವುದು 24 ಗಂಟೆಗೆ ಎರಡು–ಮೂರು ಮಿಲಿಮೀಟರಿನ ಲೆಕ್ಕದಲ್ಲಿ. ಆದ್ದರಿಂದ ಮೇಲೆ ಮುಟ್ಟಿ ನೋಡಿ ಆಯಿತು ಎಂದುಕೊಳ್ಳಬೇಡಿ. ಮನೆಮಂದಿ ಅಭ್ಯಾಸಬಲದಿಂದ ಬೆಳಗ್ಗೆ ನಲ್ಲಿ ತಿರುಗಿಸಿಯೇ ತಿರುಗಿಸುತ್ತಾರೆ, ಎಷ್ಟು ಹೇಳಿದರೂ ಅಷ್ಟೇ. ಕೆಲಸ ಶುರು ಮಾಡುವ ಮೊದಲೇ ಬೇಸಿನ್ ಕೆಳಗಿನ ಆಂಗಲ್ ಕಾಕ್ (ನಲ್ಲಿಗೆ ಹೋಗುವ ನೀರನ್ನು ನಿಲ್ಲಿಸುವ ತಿರುಗಣೆ) ಮುಚ್ಚಿ, ಮಾರನೆಯ ದಿನದ ರಾತ್ರಿ ತೆರೆಯಿರಿ.