ಬೆಂಗಳೂರಿನ ಲ್ಯಾಬ್‌ಗಳ ‘ಡಯಾಬಿಟಿಸ್ ಪ್ಯಾಕೇಜ್’: ಸಣ್ಣ ರಕ್ತನಾಳಗಳ ಸೋರಿಕೆ ಇದರಲ್ಲಿ ಸಿಗುತ್ತದೆಯೇ?

ಜಯನಗರದಿಂದ ಯಲಹಂಕದವರೆಗೆ ಯಾವ ಲ್ಯಾಬ್ ಕೇಳಿದರೂ ಸಕ್ಕರೆ ಕಾಯಿಲೆಯವರಿಗೆಂದೇ ಒಂದು ಪ್ಯಾಕೇಜ್ ಇರುತ್ತದೆ. ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆಯುತ್ತಾರೆ, ರಿಪೋರ್ಟ್ ವಾಟ್ಸ್ಆ್ಯಪ್‌ಗೆ ಬರುತ್ತದೆ. ಈ ಅನುಕೂಲ ನಿಜಕ್ಕೂ ದೊಡ್ಡದು. ಆದರೆ ಜಾಹೀರಾತಿನ ‘60 ಪರೀಕ್ಷೆ’, ‘75 ಪರೀಕ್ಷೆ’ ನೋಡಿ ಆರಿಸಬೇಡಿ. ರಕ್ತಕಣಗಳನ್ನು ಎಣಿಸುವ ಸಿಬಿಸಿ ಒಂದರಲ್ಲೇ 20ರಷ್ಟು ಅಂಕಿಗಳಿರುತ್ತವೆ, ಲೆಕ್ಕ ಬೆಳೆಯುವುದು ಹೀಗೆ.

ಶುಗರ್ ವರ್ಷಗಟ್ಟಲೆ ಹೆಚ್ಚಿದ್ದರೆ ಪೆಟ್ಟು ಬೀಳುವುದು ಲೋಮನಾಳಗಳ, ಅಂದರೆ ಅತಿ ಸಣ್ಣ ರಕ್ತನಾಳಗಳ, ಒಳಪದರಕ್ಕೆ. ಆ ಜೀವಕೋಶಗಳಿಗೆ ಒಳನುಗ್ಗುವ ಗ್ಲೂಕೋಸನ್ನು ತಡೆಯುವ ಶಕ್ತಿ ಇಲ್ಲ. ಕೋಶಗಳ ನಡುವಿನ ಬಿಗಿ ಸಡಿಲವಾಗುತ್ತದೆ. ಕೆಳಗಿನ ಆಧಾರಪೊರೆ ದಪ್ಪವಾಗುತ್ತದೆ, ದಪ್ಪವಾಗಿಯೂ ಹೆಚ್ಚು ಸೋರುತ್ತದೆ. ಕಿಡ್ನಿಯಲ್ಲಿ ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಮೂತ್ರಕ್ಕೆ ಇಳಿಯುತ್ತದೆ. ಕಣ್ಣಿನಲ್ಲಿ ನಾಳಕ್ಕೆ ಒತ್ತಾಸೆಯಾಗಿದ್ದ ಪೆರಿಸೈಟ್ ಕೋಶಗಳು ಸಾಯುತ್ತವೆ, ನಾಳ ಅಲ್ಲಲ್ಲಿ ಉಬ್ಬುತ್ತದೆ, ರಕ್ತದ ದ್ರವ ಮತ್ತು ಕೊಬ್ಬು ಕಣ್ಣಿನ ಹಿಂಪರದೆಯಾದ ರೆಟಿನಾದೊಳಗೆ ಸೇರುತ್ತವೆ. ಇಷ್ಟೆಲ್ಲ ಆಗುವಾಗ ನೋವಿರುವುದಿಲ್ಲ. ಅದಕ್ಕೇ ಪರೀಕ್ಷೆ ಬೇಕು.

ಹಾಗಾಗಿ ಪಟ್ಟಿಯಲ್ಲಿ ಮೊದಲು ಹುಡುಕಬೇಕಾದ್ದು ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ, ಅಂದರೆ ಎಸಿಆರ್. ಅಗ್ಗದ ಪ್ಯಾಕೇಜ್‌ಗಳಲ್ಲಿ ಇದರ ಬದಲು ‘ಯೂರಿನ್ ರೊಟೀನ್’ ಇದ್ದರೆ ಸಾಲದು, ಅದರಲ್ಲಿ ಮೂತ್ರಕ್ಕೆ ಅದ್ದಿ ನೋಡುವ ಕಾಗದದ ಪಟ್ಟಿ ಆರಂಭದ ಸಣ್ಣ ಸೋರಿಕೆಯನ್ನು ಬಹುತೇಕ ಹಿಡಿಯುವುದಿಲ್ಲ. ರಕ್ತದ ಕ್ರಿಯಾಟಿನಿನ್ ಏರುವುದಂತೂ ಕಿಡ್ನಿಯ ಕೆಲಸ ಸಾಕಷ್ಟು ಕುಗ್ಗಿದ ಮೇಲೆ. ಎಸಿಆರ್ 30 ಮಿ.ಗ್ರಾಂ/ಗ್ರಾಂ ಒಳಗಿದ್ದರೆ ಸರಿ, 30ರಿಂದ 300 ಆರಂಭದ ಸೋರಿಕೆ, ಅದಕ್ಕಿಂತ ಮೇಲಾದರೆ ಹಾನಿ ಮುಂದುವರಿದಿದೆ.

ಮನೆಗೆ ಬಂದು ಸ್ಯಾಂಪಲ್ ಪಡೆಯುವ ಸೇವೆ ಎಡವುವುದು ಇಲ್ಲೇ. ಹುಡುಗ ಏಳು ಗಂಟೆಗೆ ಬಂದು ಡಬ್ಬಿ ಕೊಡುವ ಹೊತ್ತಿಗೆ ಬೆಳಗಿನ ಮೊದಲ ಮೂತ್ರ ಹೋಗಿರುತ್ತದೆ. ಡಬ್ಬಿಯನ್ನು ಹಿಂದಿನ ಸಂಜೆಯೇ ತರಿಸಿಕೊಳ್ಳಿ, ಎದ್ದ ಕೂಡಲೇ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಹಿಂದಿನ 24 ಗಂಟೆ ಜಿಮ್, ಓಟ ಬೇಡ. ಜ್ವರ, ಮೂತ್ರದ ಸೋಂಕು, ಮುಟ್ಟು, ತೀರಾ ಏರಿದ ಬಿಪಿ ಅಥವಾ ಶುಗರ್ ಇದ್ದಾಗಲೂ ಅಂಕಿ ಸುಳ್ಳಾಗಿ ಏರುತ್ತದೆ. ಒಮ್ಮೆ ಹೆಚ್ಚು ಬಂದರೆ ಗಾಬರಿಯಾಗಬೇಡಿ: 3ರಿಂದ 6 ತಿಂಗಳೊಳಗೆ ಮೂರು ಸ್ಯಾಂಪಲ್‌ಗಳಲ್ಲಿ ಎರಡು ಹೆಚ್ಚಿದ್ದರೆ ಮಾತ್ರ ಖಚಿತ. ಖಚಿತವಾದರೆ ಬಿಪಿ ಮಾತ್ರೆಯ ಆಯ್ಕೆಯೇ ಬದಲಾಗಬಹುದು, ವೈದ್ಯರ ಬಳಿ ಹೋಗಿ.

ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಬಹುತೇಕ ಪ್ಯಾಕೇಜ್‌ಗಳಲ್ಲೂ ಇರುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಬಹುದು, ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ನಂಬುವಂತಿಲ್ಲ. ಜೊತೆಗಿರುವ ಹಿಮೋಗ್ಲೋಬಿನ್ ನೋಡಿಯೇ ಓದಬೇಕು. ವಿಟಮಿನ್ ಪರೀಕ್ಷೆಗಳ ಸಾಲಿಗೆ ಹೆಚ್ಚು ಹಣ ಕೊಡುವುದು ನಮ್ಮ ದೃಷ್ಟಿಯಲ್ಲಿ ವ್ಯರ್ಥ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯನ್ನು ಬಹುಕಾಲದಿಂದ ತೆಗೆದುಕೊಳ್ಳುವವರಿಗೆ ಬಿ12 ಮಾತ್ರ ಉಪಯುಕ್ತ.

ಯಾವ ಲ್ಯಾಬ್ ಪ್ಯಾಕೇಜೂ ಕಣ್ಣಿನ ಪರೀಕ್ಷೆಗೆ ಬದಲಿಯಲ್ಲ. ಕನ್ನಡಕದ ಅಂಗಡಿಯ ನಂಬರ್ ಪರೀಕ್ಷೆಯೂ ಅಲ್ಲ. ಪಾಪೆ ಹಿಗ್ಗಿಸಿ ರೆಟಿನಾ ನೋಡಬೇಕು. ಮಿಂಟೋದಂಥ ಸರ್ಕಾರಿ ಕಣ್ಣಾಸ್ಪತ್ರೆಯಲ್ಲೂ ಇದು ಆಗುತ್ತದೆ. ಹನಿ ಹಾಕಿದ ಮೇಲೆ ಅರ್ಧ ಗಂಟೆ ಕಾಯಬೇಕು, ಆಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಸ್ಕೂಟರ್ ಬಿಟ್ಟು ಮೆಟ್ರೋದಲ್ಲೋ ಆಟೋದಲ್ಲೋ ಹೋಗಿ. ರೆಟಿನಾದ ನಡುಭಾಗ ಊದಿರುವ ಅನುಮಾನ ಬಂದರೆ ಬೆಳಕಿನಿಂದ ರೆಟಿನಾದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್ ಹೇಳುತ್ತಾರೆ, ಅದಕ್ಕೆ ಸೂಜಿಯಿಲ್ಲ.

ಟೈಪ್ 2 ಇರುವವರು ಕಾಯಿಲೆ ಗೊತ್ತಾದ ವರ್ಷದಿಂದಲೇ ಎಸಿಆರ್ ಮತ್ತು ಕಣ್ಣಿನ ವಾರ್ಷಿಕ ಪರೀಕ್ಷೆ ಶುರುಮಾಡಬೇಕು, ಟೈಪ್ 1ರವರು ಸಾಮಾನ್ಯವಾಗಿ 5 ವರ್ಷದ ನಂತರ. ಸಕ್ಕರೆ ಕಾಯಿಲೆ ಮೊದಲೇ ಇದ್ದು ಗರ್ಭಿಣಿಯಾದವರು ಮುಂದಿನ ವಾರ್ಷಿಕ ಪರೀಕ್ಷೆಯವರೆಗೆ ಕಾಯದೆ ಮೊದಲ ಮೂರು ತಿಂಗಳಲ್ಲೇ ರೆಟಿನಾ ತೋರಿಸಬೇಕು, ಏಕೆಂದರೆ ಬಸಿರಿನಲ್ಲಿ ಈ ಹಾನಿ ಬೇಗ ಹೆಚ್ಚಾಗಬಹುದು.