ಬ್ರಿಟನ್ನಿನಲ್ಲಿ ವೋಟು: ನೋಂದಣಿ ಸಲೀಸು, ಇನಿಷಿಯಲ್ ಜೋಪಾನ

2023ರ ಜುಲೈ 20ರಂದು ಲಂಡನ್ನಿನ ಅಕ್ಸ್‌ಬ್ರಿಜ್-ಸೌತ್ ರೈಸ್ಲಿಪ್ ಸಂಸತ್ ಕ್ಷೇತ್ರದ ಉಪಚುನಾವಣೆ ತೀರ್ಮಾನವಾದದ್ದು ಬರೀ 495 ಮತಗಳಲ್ಲಿ, ಅದೂ ಮರುಎಣಿಕೆ ಆದಮೇಲೆ. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯರಿಗೂ ಕಾಮನ್‌ವೆಲ್ತ್ ದೇಶದ ಪ್ರಜೆಗಳೆಂಬ ಲೆಕ್ಕದಲ್ಲಿ ಅಲ್ಲಿ ಮತವಿದೆ. ಹಾಗಾಗಿ ಅಲ್ಲಿನ ಮತದಾರರ ನೋಂದಣಿ, ಮತದಾನದ ವ್ಯವಸ್ಥೆಯ ಬಗ್ಗೆ ನಾಲ್ಕು ಮಾತು.

ಸರ್ಕಾರಿ ಜಾಲತಾಣದ ನೋಂದಣಿ ಸೊಗಸಾಗಿದೆ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸ, ತೆರಿಗೆಯ ಲೆಕ್ಕಕ್ಕೆ ಅಲ್ಲಿನ ಸರ್ಕಾರ ಕೊಡುವ ಸಂಖ್ಯೆ) ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ, ಬಿಡಿಗಾಸು ಖರ್ಚಿಲ್ಲ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಮುಗಿಸಬೇಕು. ಉಪಚುನಾವಣೆಯಲ್ಲಿ ಗಡುವು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬಂದುಬಿಡುತ್ತದೆ.

ಎಡವಟ್ಟಾಗುವುದು ಮತಗಟ್ಟೆಯಲ್ಲಿ ತೋರಿಸಬೇಕಾದ ಫೋಟೊ ಇರುವ ಗುರುತಿನ ಚೀಟಿಯಲ್ಲಿ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಅವಧಿ ಮುಗಿದಿದ್ದರೂ ಫೋಟೊ ನಿಮ್ಮಂತೆಯೇ ಕಂಡರೆ ಸಾಕು. ಆದರೆ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಊರಿನ ಹೆಸರು ಉದ್ದಕ್ಕೆ ಬಿಡಿಸಿ ಬರೆದಿದ್ದು, ಮತದಾರರ ಪಟ್ಟಿಯಲ್ಲಿ ಬರೀ ‘ಕೆ. ಆರ್.’ ಎಂದಿದ್ದರೆ ತಕರಾರು ಬರಬಹುದು. ನೋಂದಾಯಿಸುವಾಗಲೇ ಪಾಸ್‌ಪೋರ್ಟ್ ನೋಡಿಕೊಂಡು ಅಕ್ಷರಕ್ಕೆ ಅಕ್ಷರ ತುಂಬಿ. ಮದುವೆಯಾಗಿ ಹೆಸರು ಬದಲಾಗಿದ್ದರೆ ಅದರ ದಾಖಲೆಯೂ ಜೊತೆಗಿರಲಿ. ಯಾವ ಚೀಟಿಯೂ ಇಲ್ಲದವರಿಗೆ ಉಚಿತ ಪ್ರಮಾಣಪತ್ರ ಸಿಗುತ್ತದೆ, ಅದರ ಅರ್ಜಿಗೆ ಗಡುವು ಮತದಾನಕ್ಕೆ 6 ಕೆಲಸದ ದಿನ ಮೊದಲು ಸಂಜೆ 5 ಗಂಟೆ.

ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ, ಆಫೀಸಿಗೆ ಹೋಗುವವರಿಗೆ ಇದೇ ದೊಡ್ಡ ಅನುಕೂಲ. ಇವಿಎಂ ಇಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಪೆನ್ಸಿಲಿನಲ್ಲಿ ಒಂದು ಕತ್ತರಿ ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕುವುದು, ಅಷ್ಟೇ.